ಓದದೆ ಅಭಿಪ್ರಾಯ ಹೇಳೋದು ಹೇಗೆ?

ಮಾನ್ಯರೇ,

ವಿಚಾರಣಾ ಆಯೋಗವೊಂದರ ಶಿಫಾರಸುಗಳ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಗೆ ಬೆಳಗಿನ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಹೋಗಿದ್ದೆ, ಒಂದು ದಿನದ ಕೂಲಿ ಬಿಟ್ಟು ಬಂದವರೂ ಜೊತೆಗಿದ್ದರು. ಬಾಗಿಲಲ್ಲೇ ಸಹಿ ಹಾಕಿಸಿಕೊಂಡರು. ವರದಿ ಕೇಳಿದರೆ ಮೇಜಿನ ಮೇಲೆ ಒಂದೇ ಪ್ರತಿ, ಅದೂ ಇಂಗ್ಲಿಷಿನಲ್ಲಿ! ನನಗೆ ತುಂಬಾ ಬೇಜಾರಾಯಿತು.

1952ರ ವಿಚಾರಣಾ ಆಯೋಗಗಳ ಕಾಯ್ದೆ ಪ್ರಕಾರ ವರದಿಯನ್ನು, ಕೈಗೊಂಡ ಕ್ರಮದ ವಿವರದ ಜೊತೆ, 6 ತಿಂಗಳೊಳಗೆ ಸದನದ ಮುಂದೆ ಇಡಬೇಕು. ಅಂದರೆ ಅದು ಗುಟ್ಟಲ್ಲ ಅಲ್ವಾ? ಶಿಫಾರಸುಗಳನ್ನು ಸುಲಭ ಕನ್ನಡದಲ್ಲಿ ನಾಲ್ಕು ಪುಟ ಮಾಡಿ, ಸಭೆಗೆ 15 ದಿನ ಮೊದಲೇ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ನಾವು ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಯಾಕೆ ಬಿಟ್ಟರು ಅಂತಲೂ ತಿಳಿಸಲಿ.

– ಓದುಗ, ಹೊಸದುರ್ಗ ತಾಲ್ಲೂಕು