ನಿಮ್ಮತ್ತಿಗೆ ಹೆಸರಿನ ದುಡ್ಡಿನ ವಿಚಾರ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ತಮ್ಮನಿಗೆ,

ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಅಡಿಕೆ ಕೊಯ್ಲು ಮುಗಿಯಿತಾ? ಕೊಳೆ ರೋಗ ಜಾಸ್ತಿ ಅಂದಿದ್ದೆ, ಕೈಗೆ ಎಷ್ಟು ಬಂತು ಅಂತ ತಿಳಿಸು. ಸಮುದಾಯ ಭವನದ ವಿಚಾರ ಫೋನಿನಲ್ಲಿ ಅರ್ಧಂಬರ್ಧ ಆಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿಮ್ಮತ್ತಿಗೆ ಹೆಸರಿನಲ್ಲಿ ಊಟದ ಹಾಲ್‌ಗೆ ದುಡ್ಡು ಕೊಡೋಣ, ಗ್ರಾನೈಟ್ ಮೇಲೆ ಹೆಸರು ಕೆತ್ತಿಸೋಣ ಅಂದೆ ನೀನು. ಅವಳ ಮೇಲೆ ನಿನಗಿದ್ದ ಪ್ರೀತಿ ನನಗೆ ಗೊತ್ತು. ಆದರೆ ಬೇಡ ಮಾರಾಯ. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳ ಮೇಲಿನ ಹೆಸರು ಓದಿ ನಗುತ್ತಿದ್ದವಳು ಅವಳು. ವರ್ಷದ ತಿಥಿ ಊರಿನ ಪದ್ಧತಿ ಪ್ರಕಾರವೇ ಆಗಲಿ, ನಾಲ್ಕು ಜನಕ್ಕೆ ಊಟ ಹಾಕೋಣ. ಈ ದುಡ್ಡು ಮಾತ್ರ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಆ ಕೆಲಸ ಕಲಿಸುವುದಕ್ಕೆ ಹೋಗಲಿ.

ಯಾಕೆ ಅಂತ ಹೇಳುತ್ತೇನೆ. ಅವಳಿಗಿರುವುದು ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಅಂತ ಗೊತ್ತಾದ ಮೇಲೆ ಡಾಕ್ಟರು ಕಾಯಿಲೆ ವಿವರಿಸಿದರು, ಮಾತ್ರೆ ಬರೆದರು. ಬೆಳಗ್ಗೆ ಎದ್ದು ಸ್ನಾನಕ್ಕೆ ಬರಲ್ಲ ಅಂತ ಅವಳು ಬಾಗಿಲು ಹಿಡಿದು ನಿಂತರೆ ಏನು ಮಾಡಬೇಕು? ಅದು ಯಾವ ಚೀಟಿಯಲ್ಲೂ ಇರಲಿಲ್ಲ. ಅದನ್ನು ಹೇಳಿಕೊಟ್ಟವರು ಅಡ್ಮಿರಲ್ ನರ್ಸ್. ಇಲ್ಲಿ ಡಿಮೆನ್ಶಿಯಾ ಯುಕೆ ಅನ್ನುವ ಸಂಸ್ಥೆ ಇದೆ, ಅದರ ಬೆಂಬಲದಲ್ಲಿ ಕೆಲಸ ಮಾಡುವ ನರ್ಸ್‌ಗಳು ಇವರು. ರೋಗಿಯ ಜೊತೆ ಮನೆಯವರನ್ನೂ ವಿಚಾರಿಸುವುದೇ ಇವರ ಕೆಲಸ. ಈ ಹೆಸರಿನ ಹಿಂದೆಯೂ ಒಂದು ಮನೆಯ ಕತೆ ಇದೆ. ಜೋಸೆಫ್ ಲೆವಿ ಅಂತ ಒಬ್ಬರಿಗೆ ಇದೇ ಕಾಯಿಲೆ ಬಂತು. ಅವರಿಗೆ ಹಾಯಿದೋಣಿ ಹುಚ್ಚು, ಹಾಗಾಗಿ ಎಲ್ಲರ ಬಾಯಲ್ಲೂ ‘ಅಡ್ಮಿರಲ್ ಜೋ’. ಆಮೇಲೆ ಅವರ ಮನೆಯವರೇ ಈ ಸಂಸ್ಥೆ ಕಟ್ಟಿದರು. ಅವರ ನೆನಪಿಗೆ ಕಲ್ಲು ನೆಡಲಿಲ್ಲ, ನನ್ನಂಥವರ ಮನೆಗೆ ನರ್ಸ್ ಕಳಿಸಿದರು ನೋಡು.

ಕಲಿತದ್ದು ದೊಡ್ಡ ವಿದ್ಯೆ ಏನಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು. ಯಾವ ಸೀರೆ ಬೇಕು ಅನ್ನಬಾರದು, ಎರಡು ತೋರಿಸಿ ಇದಾ ಅದಾ ಅನ್ನಬೇಕು. ಇದ್ದಕ್ಕಿದ್ದ ಹಾಗೆ ಗೊಂದಲ ಹೆಚ್ಚಾದರೆ ಮೂತ್ರದ ಸೋಂಕು ಇದೆಯಾ ಅಂತ ನೋಡಿಸಬೇಕು. ನುಂಗುವುದು ಕಷ್ಟವಾದಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ ತಿನ್ನಿಸಬೇಕು, ಊಟವಾದ ತಕ್ಷಣ ಮಲಗಿಸಬಾರದು. ಹಾಸಿಗೆ ಹಿಡಿದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು.

ಸಂಜೆ ಹೊತ್ತು ಕಷ್ಟ ಇರುತ್ತಿತ್ತು. ಕತ್ತಲಾಗುತ್ತಿದ್ದ ಹಾಗೆ ಚಡಪಡಿಕೆ ಶುರು, ಮನೆಗೆ ಹೋಗೋಣ ಮನೆಗೆ ಹೋಗೋಣ ಅಂತ. ಇದೇ ನಿನ್ನ ಮನೆ ಅಂದರೆ ಅಳು. ವಾದ ಮಾಡಬೇಡಿ, ಆ ಮನೆ ಬಗ್ಗೆ ಕೇಳಿ ಅಂದರು ನರ್ಸ್. ಕೇಳಿದೆ. ಸಿದ್ದಾಪುರದ ತವರು, ಕೊಟ್ಟಿಗೆ, ಬಚ್ಚಲೊಲೆ, ತೋಟದ ಕಾಲುಸಂಕ, ಎಲ್ಲ ಬಂತು. ಅಷ್ಟರಲ್ಲಿ ಅವಳ ಇಂಗ್ಲಿಷ್ ಪೂರ್ತಿ ಹೋಗಿತ್ತು. ಇಷ್ಟು ವರ್ಷ ಇಲ್ಲಿ ಪಾಠ ಹೇಳಿದವಳು! ಆಮೇಲೆ ಕಲಿತ ಭಾಷೆ ಮೊದಲು ಹೋಗುವುದು ಈ ಕಾಯಿಲೆಯಲ್ಲಿ ಸುಮಾರು ಜನರಿಗೆ ಆಗುತ್ತದಂತೆ. ಕೊನೆಕೊನೆಗೆ ಅವಳನ್ನು ನೋಡಿಕೊಳ್ಳಲು ಮನೆಗೆ ಬರುತ್ತಿದ್ದ ಹುಡುಗಿಯರೇ ‘ನೀರು ಬೇಕಾ’, ‘ನೋವಾ’ ಅಂತ ಕೇಳುವುದನ್ನು ಕಲಿತರು.

ಈಗ ದುಡ್ಡಿನ ಮಾತು. ಇಲ್ಲಿ ಅಂತ್ಯಕ್ರಿಯೆಗೆ ಹೂವಿನ ಬದಲು ದಾನ ಕೊಡಿ ಅನ್ನುವ ರೂಢಿ ಇದೆ. ಅವಳ ಜೊತೆ ಕೆಲಸ ಮಾಡಿದವರು ಕೊಟ್ಟದ್ದು ಇಲ್ಲಿಯ ನರ್ಸ್‌ಗಳಿಗೇ ಹೋಯಿತು. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಸೇರುತ್ತದೆ, ಅದೂ ಬಂತು. ನನ್ನ ಪಾಲಿನದು ಊರ ಕಡೆಗೆ. ‘ನನ್ನ ಖಾತೆಗೆ ಹಾಕು, ನಾನು ಊರ ಟ್ರಸ್ಟಿಗೆ ಕೊಡುತ್ತೇನೆ’ ಅಂದೆ ನೀನು. ಆ ಅಡ್ಡದಾರಿ ಬೇಡ. ನನ್ನ ಪಾಸ್‌ಪೋರ್ಟ್ ಈಗ ಬ್ರಿಟಿಷ್. ಹಾಗಾಗಿ ನಾನು ಅಲ್ಲಿಯ ಟ್ರಸ್ಟಿಗೆ ಕೊಟ್ಟದ್ದು ವಿದೇಶಿ ಹಣ ಅಂತಲೇ ಲೆಕ್ಕ. ಭಾರತದ ಪಾಸ್‌ಪೋರ್ಟ್ ಇದ್ದಿದ್ದರೆ ನನ್ನ ಉಳಿತಾಯದ ದುಡ್ಡಿಗೆ ಈ ತಕರಾರಿರಲಿಲ್ಲ. ತಗೊಳ್ಳುವ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ನೋಂದಣಿ ಇರಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮೂರ ಟ್ರಸ್ಟಿಗೆ ಅದೆಲ್ಲ ಇಲ್ಲ. ಹಾಗಾಗಿ ನೋಂದಣಿ ಇರುವ, ಈ ಕೆಲಸ ಗೊತ್ತಿರುವ ಸಂಸ್ಥೆಯ ಮೂಲಕವೇ ಆಗಬೇಕು. ಬೆಂಗಳೂರಿನಲ್ಲಿ ವಿಚಾರಿಸುತ್ತಿದ್ದೇನೆ.

ಪಾಠಕ್ಕೆ ಕೊರತೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐಸಪೋರ್ಟ್ ಅಂತ ಒಂದು ತರಬೇತಿ ಪಾಠ ಮಾಡಿದೆ, ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವವರಿಗಾಗಿಯೇ. ನಿಮ್ಹಾನ್ಸ್‌ನವರು ಅದನ್ನು ನಮ್ಮ ದೇಶಕ್ಕೆ ಹೊಂದಿಸಿದ್ದಾರೆ. ಬೇಕಾದವರೂ ಇದ್ದಾರೆ. 60 ದಾಟಿದವರಲ್ಲಿ ಶೇ 7.4 ಜನರಿಗೆ, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಅಂತ 2023ರ ಅಧ್ಯಯನವೊಂದು ಅಂದಾಜು ಮಾಡಿತು. ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿಯಂತೆ.

ಆದರೆ ಕಲಿಯಲು ಬರುವವರು ಯಾರು? ಅಮ್ಮ ಹಾಸಿಗೆ ಹಿಡಿದಿದ್ದಾಗ ನಿನ್ನ ಹೆಂಡತಿ ಸಾಗರ ಪೇಟೆಗೆ ಹೋಗಬೇಕಾದರೂ ಪಕ್ಕದ ಮನೆಯವರನ್ನು ಕರೆದು ಕೂರಿಸಬೇಕಿತ್ತು, ಅಲ್ವಾ? ಇಡೀ ದಿನದ ತರಬೇತಿಗೆ ಅಂಥವಳು ಹೇಗೆ ಬರುತ್ತಾಳೆ? ಅದಕ್ಕೇ ಪಾಠ ಹೇಳುವವರ ಖರ್ಚಿಗಿಂತ ಮೊದಲು ಮನೆಯಲ್ಲಿ ಕೂರುವವರ ಕೂಲಿ ಈ ನಿಧಿಯಿಂದ ಹೋಗಬೇಕು. ಬಸ್ ಚಾರ್ಜು, ಮಧ್ಯಾಹ್ನದ ಊಟ ಆಮೇಲೆ. ಪರಿಷತ್ತಿನ ದತ್ತಿ ಉಪನ್ಯಾಸದ ಹಾಗೆ ಶಾಲು, ಹಾರ, ವೇದಿಕೆ ಮೇಲೆ ಹತ್ತು ಕುರ್ಚಿ ಆಗುವುದಾದರೆ ನನಗೆ ಬೇಡವೇ ಬೇಡ.

ಇದನ್ನು ನಾವಿಬ್ಬರೇ ತೀರ್ಮಾನ ಮಾಡುವುದು ಸರಿಯಲ್ಲ. ಅಮ್ಮನನ್ನು ನೋಡಿಕೊಂಡವಳು ನಿನ್ನ ಹೆಂಡತಿ. ನೀನೂ ನಾನೂ ಔಷಧಿಗೆ ದುಡ್ಡು ಕೊಟ್ಟೆವು, ಅಷ್ಟೇ. ಈ ಕಾಗದ ಅವಳಿಗೇ ಕೊಡು, ಓದಲಿ. ಒಂದು ದಿನ ರೋಗಿಯ ಹತ್ತಿರ ಕೂರಲು ನಮ್ಮ ಕಡೆ ಯಾರು ಒಪ್ಪುತ್ತಾರೆ, ಈಗ ಎಷ್ಟು ಕೂಲಿ ಕೊಡಬೇಕು, ಯಾವ ತಿಂಗಳಲ್ಲಿ ಹೆಂಗಸರಿಗೆ ತೋಟದ ಕೆಲಸ ಕಮ್ಮಿ, ಇಷ್ಟು ವಿಚಾರಿಸಿ ಅವಳೇ ನನಗೆ ಹೇಳಲಿ. ಅವಳು ಬೇರೆ ಏನಾದರೂ ಮಾಡೋಣ ಅಂದರೆ ಅದನ್ನೂ ಕೇಳುತ್ತೇನೆ.

ಭವನದ ಕಮಿಟಿಯವರಿಗೆ ನನ್ನ ಹೆಸರು ಹೇಳಿಯೇ ‘ದುಡ್ಡು ಕೊಡಲ್ಲ’ ಅಂದುಬಿಡು. ಬೇಜಾರಾದರೆ ನನ್ನ ಮೇಲೆ ಆಗಲಿ.

ಇಂತಿ,
ನಿನ್ನ ಅಣ್ಣ