ಮಗಳಿಗೊಂದು ಪತ್ರ: ಏನೂ ಆಗಲ್ಲ ಅಂದೆಯಲ್ಲ

ಪುಟ್ಟಿ,

ಚಿತ್ರದುರ್ಗ ತಲುಪಿದೆ ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾದೆ. ನೆಂಟರ ಮುಂದೆ ನಿನ್ನ ತಟ್ಟೆಯ ಚಪಾತಿ ಕಿತ್ತುಕೊಂಡದ್ದು ನನ್ನ ತಪ್ಪು. ಆದರೆ "ತಿಂದ್ರೂ ನಂಗೇನೂ ಆಗಲ್ವಲ್ಲಮ್ಮ" ಅಂದೆಯಲ್ಲ, ಆ ಮಾತು ನನ್ನನ್ನು ಮಲಗಲು ಬಿಡುತ್ತಿಲ್ಲ.

ಹೊಟ್ಟೆನೋವಿಲ್ಲ, ಭೇದಿಯಿಲ್ಲ, ನಿಜ. ಆದರೂ ರಕ್ತದಲ್ಲಿ ಟಿಟಿಜಿ ಅನ್ನುವ ಪ್ರತಿಕಾಯ ಹೆಚ್ಚಿತ್ತು, ಕರುಳಿನ ಚೂರು ತೆಗೆದು ನೋಡಿದ ಬಯಾಪ್ಸಿಯೂ ಸೀಲಿಯಾಕ್ ಅಂತಲೇ ಹೇಳಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಹೊಟ್ಟೆಗೆ ಹೋದರೆ ಮೈ ತನ್ನ ಸಣ್ಣಕರುಳನ್ನೇ ಹಾಳುಮಾಡಿಕೊಳ್ಳುವ ಕಾಯಿಲೆ ಅದು. ಸಣ್ಣಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರಬೇಕು. ನಿನ್ನದು ಸವೆದು ಚಪ್ಪಟೆಯಾಗಿದೆ. ಕಬ್ಬಿಣಾಂಶ ಹೀರುವುದು ಆ ಭಾಗವೇ. ಎರಡು ವರ್ಷ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ನೀನು ಮಾತ್ರೆ ಮರೀತೀಯ ಅಂತ ನಾನು ಬೈದೆ. ಕ್ಷಮಿಸು ಮಗಳೇ. ಆಗಬೇಕಾದ್ದು ಆಗುತ್ತಲೇ ಇತ್ತು, ನಮಗೆ ಗೊತ್ತಾಗಲಿಲ್ಲ.

ತಿಂದ ಕೂಡಲೇ ವಾಂತಿಯಾಗುವವರಿಗೆ ಅವರ ಹೊಟ್ಟೆಯೇ ಕಾವಲು. ನಿನಗೆ ಆ ಕಾವಲಿಲ್ಲ. ತಪ್ಪಿದೆ ಅಂತ ತಿಳಿಯುವುದು ಆರು ತಿಂಗಳಿಗೊಮ್ಮೆ ಬರುವ ರಿಪೋರ್ಟಿನಲ್ಲಿ, ಇಲ್ಲವೇ ಮೂಳೆ ಸವೆದ ಮೇಲೆ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಅಂದರೂ ಅದರಲ್ಲಿ ಸುಮಾರು 3000 ಮಿಲಿಗ್ರಾಂ ಗ್ಲುಟೆನ್. ಸೀಲಿಯಾಕ್ ಇರುವವರಿಗೆ ದಿನಕ್ಕೆ 10 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಚಪಾತಿಯನ್ನು ಮುನ್ನೂರು ಚೂರು ಮಾಡಿದರೆ ಒಂದು ಚೂರು, ಅಷ್ಟೇ.

ಅದಕ್ಕೇ ಇಂಗಿನ ಮಾತು ಮತ್ತೆ ಮತ್ತೆ ಎತ್ತುತ್ತೇನೆ. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಮೈದಾ ಬೆರೆಸಿರುತ್ತಾರೆ. ಹಾಸ್ಟೆಲಿನ ಸಾರಿಗೂ ಸಾಂಬಾರಿಗೂ ದಿನವೂ ಬೀಳುವುದು ಅದೇ. ಉಪ್ಪಿಟ್ಟು, ಶಾವಿಗೆ, ಹೋಳಿಗೆ ಕಣ್ಣಿಗೆ ಕಾಣುತ್ತವೆ, ನೀನು ಬಿಡುತ್ತೀಯ. ಇಂಗು ಕಾಣುವುದಿಲ್ಲ. ಡಬ್ಬಿಯ ಹಿಂದೆ ಗೋಧಿ ಹಿಟ್ಟು ಅಂತ ಬರೆದಿದೆಯೇ ನೋಡು, ಅಡುಗೆಯಕ್ಕನಿಗೆ ತೋರಿಸು, ನಾಚಬೇಡ. ಗ್ಲುಟೆನ್ ಫ್ರೀ ಅಂತ ಮುದ್ರಿಸಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಮೀರಬಾರದು ಅನ್ನುವುದು ನಮ್ಮ ದೇಶದ ನಿಯಮ, ಅಂಥದ್ದೇ ಕೊಳ್ಳು.

ನಮ್ಮೂರ ಬೆಣ್ಣೆ ದೋಸೆ ಬಿಡು ಅನ್ನುವುದಿಲ್ಲ. ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟಿಗೆ ತೊಂದರೆಯಿಲ್ಲ. ಮೈದಾ ಬೆರೆಸಿದ್ದಾರಾ, ಅದೇ ಕಲ್ಲಿನ ಮೇಲೆ ರವೆ ದೋಸೆ ಹುಯ್ಯುತ್ತಾರಾ ಅಂತ ಕೇಳಿ ತಿನ್ನು. ಮಿರ್ಚಿ ಕಡಲೆಹಿಟ್ಟಿನದೇ, ಆದರೆ ಮೈದಾ ಬೋಂಡ ಕರಿದ ಎಣ್ಣೆಯದಾದರೆ ಬೇಡ. ಗೋಬಿ ಮಂಚೂರಿ ಬೇಡವೇ ಬೇಡ: ಮೈದಾ ಸಾಲದೆಂದು ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ. ಡಬ್ಬಿಯ ಮೇಲಿನ ಮಾಲ್ಟ್ ಅಂದರೆ ಸಾಮಾನ್ಯವಾಗಿ ಬಾರ್ಲಿ. ಮನೆಯ ರಾಗಿ ಮಾಲ್ಟ್ ಬೇರೆ. ನೋಡು, ಮತ್ತೆ ಪಾಠ ಶುರು ಮಾಡಿದೆ.

ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕುತ್ತಾರೆ, ಉಳಿದ ಹಿಟ್ಟೆಲ್ಲ ನಮ್ಮ ಡಬ್ಬಿಗೆ. ಅದಕ್ಕೆ ಮನೆಗೇ ಒಂದು ಸಣ್ಣ ಗಿರಣಿ ತಂದಿದ್ದೇವೆ, ಅದರಲ್ಲಿ ಗೋಧಿ ಬೀಸುವುದಿಲ್ಲ. ಜರಡಿ, ರೊಟ್ಟಿ ಮಣೆ ಹೊಸವು. ಒಡಹುಟ್ಟಿದವರಿಗೂ ತಂದೆತಾಯಿಗೂ ಇದು ಇರಬಹುದು ಅಂತ ನಾನು, ನಿನ್ನಪ್ಪ, ತಮ್ಮ ಮೂವರೂ ಸೋಮವಾರ ರಕ್ತ ಕೊಡುತ್ತೇವೆ. ಗೋಧಿ ಬಿಟ್ಟು ಪರೀಕ್ಷೆ ಮಾಡಿಸಿದರೆ ಸುಳ್ಳೇ ನೆಗೆಟಿವ್ ಬರಬಹುದಂತೆ, ಅದಕ್ಕೆ ಅಲ್ಲಿಯವರೆಗೆ ನಾವು ಮಾತ್ರ ಚಪಾತಿ ತಿನ್ನುತ್ತಿದ್ದೇವೆ. ಗಂಟಲಲ್ಲಿ ಇಳಿಯುವುದಿಲ್ಲ.

ಎಂಡೋಸ್ಕೋಪಿ ದಿನ ನನ್ನ ಕೈ ಹಿಡಿದು ನೀನೇ ಧೈರ್ಯ ಹೇಳಿದೆ. ಅಷ್ಟು ಗಟ್ಟಿ ಹುಡುಗಿ ನೀನು.

ನಾಳೆ ಬೆಳಗಿನ ಬಸ್ಸಿಗೆ ನಿನ್ನಪ್ಪ ಬರುತ್ತಾರೆ, ಮೂರು ಕೆಜಿ ಜೋಳದ ಹಿಟ್ಟು, ನವಣೆ ಅಕ್ಕಿ, ಮೈದಾ ಬೆರೆಸದ ಗಟ್ಟಿ ಇಂಗು ಕಳಿಸುತ್ತಿದ್ದೇನೆ. ಹಳೇ ಇಂಗಿನ ಡಬ್ಬಿ ಅವರ ಕೈಯಲ್ಲೇ ವಾಪಸ್ ಕೊಡು.

ಅಮ್ಮ