ಸಚಿವರೇ, ಮಣ್ಣಿಗೆ ಫ್ರೀಜರ್ ಯಾಕೆ ಅಂತ ಕೇಳಿದಿರಲ್ಲ

ಮಾನ್ಯ ವಿಜ್ಞಾನ ಸಚಿವರಿಗೆ ನಮಸ್ಕಾರ.

ಮಣ್ಣಿನ ಬ್ಯಾಕ್ಟೀರಿಯಾಗಳ ಜೊತೆ 11 ವರ್ಷದಿಂದ ಏಗುತ್ತಿರುವವಳು ನಾನು. ನಿಮ್ಮ ಇಲಾಖೆಗೆ ಇದು ಆರನೇ ಪತ್ರ. ಹಿಂದಿನ ಐದನ್ನು ಯಾರೂ ಓದಲಿಲ್ಲ ಅಂತ ಕಾಣುತ್ತದೆ. ಅದಕ್ಕೇ ಇದನ್ನು ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಮ್ಮ ಲ್ಯಾಬಿನ ಮೈನಸ್ 80 ಡಿಗ್ರಿ ಫ್ರೀಜರಿನ ಕಂಪ್ರೆಸರ್ ಗರಗರ ಅನ್ನತೊಡಗಿದಾಗಲೇ ರಿಪೇರಿಗೆ ಫೈಲ್ ಕಳಿಸಿದೆವು. ನಾಲ್ಕು ತಿಂಗಳ ಮೇಲೆ ವಾಪಸ್ ಬಂತು. ಅಂಚಿನಲ್ಲಿ ಹಸಿರು ಶಾಯಿಯ ಒಂದು ಸಾಲು: "ಮಣ್ಣು ಹೊರಗಡೆಯೇ ಸಿಗುವಾಗ ಫ್ರೀಜರ್ ಯಾಕೆ? ಸ್ಪಷ್ಟೀಕರಿಸಿ."

ಸ್ಪಷ್ಟೀಕರಿಸುತ್ತೇನೆ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅದರಲ್ಲಿ ಜಾಸ್ತಿಯವು ನಮ್ಮ ಲ್ಯಾಬಿನ ತಟ್ಟೆಗಳಲ್ಲಿ ಬೆಳೆಯುವುದೇ ಇಲ್ಲ. ಬೆಳೆಯುವವನ್ನು ಪಿಷ್ಟ ಬೆರೆಸಿದ ತಟ್ಟೆಯ ಮೇಲೆ ಹರಡಿ, ಎರಡು ದಿನ ಬಿಟ್ಟು ಅಯೋಡಿನ್ ಸುರಿಯುತ್ತೇವೆ. ತಟ್ಟೆಯೆಲ್ಲ ಕಡುನೀಲಿ ಆಗುತ್ತದೆ. ಯಾವುದೋ ಒಂದು ಬ್ಯಾಕ್ಟೀರಿಯಾ ಚುಕ್ಕೆಯ ಸುತ್ತ ಮಾತ್ರ ಬಣ್ಣ ಹತ್ತದ ಉಂಗುರ. ಅಲ್ಲಿನ ಪಿಷ್ಟವನ್ನು ಆ ಬ್ಯಾಕ್ಟೀರಿಯಾದ ಅಮೈಲೇಸ್, ಅಂದರೆ ಪಿಷ್ಟ ಒಡೆಯುವ ಕಿಣ್ವ, ಕತ್ತರಿಸಿ ಹಾಕಿದೆ ಅಂತ ಅರ್ಥ. ನೂರಾರು ತಟ್ಟೆ ನೋಡಿದ ಮೇಲೆ ಒಂದು ಒಳ್ಳೆಯ ಉಂಗುರ ಕಂಡರೆ ಆ ದಿನ ಹಸಿವೇ ಆಗುವುದಿಲ್ಲ. ಮತ್ತೆ ಅದೇ ಜಾಗದ ಮಣ್ಣು ತಂದರೂ ಅದೇ ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸಿಕ್ಕಿದ್ದನ್ನು ಟ್ಯೂಬಿನಲ್ಲಿಟ್ಟು ಕಾಪಾಡಲಿಕ್ಕೇ ಫ್ರೀಜರ್ ಸ್ವಾಮಿ, ಸುಮ್ನೆ ಅಲ್ಲ.

ನಿಮ್ಮ ಅಂಗಿಯ ಕಲೆ ತೆಗೆಯುವ ಡಿಟರ್ಜೆಂಟಿನಲ್ಲಿರುವ ಪ್ರೋಟಿಯೇಸ್, ಅಂದರೆ ಪ್ರೋಟೀನ್ ಒಡೆಯುವ ಕಿಣ್ವ, ಬರುವುದು ಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾಗಳಿಂದ. ಪಿಷ್ಟದಿಂದ ಸಕ್ಕರೆ ಪಾಕ ಮಾಡುವ ಕಾರ್ಖಾನೆಗಳಲ್ಲಿ 90 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲೂ ಕೆಲಸ ಮಾಡುವ ಅಮೈಲೇಸ್ ಸಹ ಅದೇ ಬಳಗದ್ದು. ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ, ವಿಜ್ಞಾನ ಸಚಿವರಲ್ವಾ?

ರಿಪೇರಿಗೆ ಒಪ್ಪಿಗೆ ಕೊಡುವ ಅಧಿಕಾರವನ್ನು ಲ್ಯಾಬಿಗೇ ಕೊಡಿ. ಕೇಳುತ್ತಿರುವುದು ಇಷ್ಟೇ.

ಒಂದು ಶನಿವಾರ ರಾತ್ರಿ ಫ್ರೀಜರ್ ನಿಂತುಹೋಯಿತು. ಸೋಮವಾರ ಬಾಗಿಲು ತೆಗೆದರೆ ನೀರು ಕಾಲ ಮೇಲೆ ಸುರಿಯಿತು. 640 ಟ್ಯೂಬುಗಳ ಲೇಬಲ್ಲು ನೆಂದು, ನನ್ನದೇ ಕೈಬರಹ ನನಗೇ ಓದಲಾಗಲಿಲ್ಲ. ಬ್ಯಾಸಿಲಸ್ ಗಟ್ಟಿ ಜೀವ, ಬೀಜಕ ಅನ್ನುವ ಗಟ್ಟಿ ಕವಚದ ರೂಪ ಕಟ್ಟಿಕೊಂಡು ಕೆಲವು ಬದುಕಿದವು. ಮಿಕ್ಕವು ಏಳಲಿಲ್ಲ. ಫ್ಲಾಸ್ಕಿಗೆ ಹಾಕಿದ ಕೋಳಿ ಪುಕ್ಕವನ್ನು ನಾಲ್ಕೇ ದಿನದಲ್ಲಿ ಕರಗಿಸಿ ಬರೀ ದಂಟು ಉಳಿಸುತ್ತಿತ್ತು ಒಂದು. ಅದೂ ಹೋಯಿತು. ಅದರ ಮೇಲೆ ಥೀಸಿಸ್ ಬರೆಯುತ್ತಿದ್ದ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ, ಮೂಲೆಯಲ್ಲಿ ಕೂತು ಖಾಲಿ ತಟ್ಟೆಗಳನ್ನು ಎಣಿಸುತ್ತಿದ್ದಳು.

ರಿಪೇರಿಯ ಆ ಅಧಿಕಾರ ಲ್ಯಾಬಿಗೇ ಕೊಡಿ. ಹಸಿರು ಶಾಯಿಯವರಿಗೆ ಬೇರೆ ಕೆಲಸ ಕೊಡಿ.

ಬದುಕಿದ 90 ಟ್ಯೂಬು ಈಗ ಪಕ್ಕದ ವಿಭಾಗದ ಫ್ರೀಜರಿನ ಮೂಲೆಯಲ್ಲಿವೆ. ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ ಅಂದಿದ್ದಾರೆ. ಅಷ್ಟರೊಳಗೆ ಸಹಿ ಹಾಕಿ.

ಇಂತಿ,
ಮಣ್ಣನ್ನು ಫ್ರೀಜರಿನಲ್ಲಿಡುವವಳು